ಕೀಲಿ ಹಾಕಿದ ಮನಿಗೇ ನಾಗಪ್ಪ ಬಂದ

ಈ ಸಲದ ಗೋಡೆ ಪತ್ರಿಕೆಗೆ ನಾನು ಆರಿಸಿಕೊಂಡ ವಿಷಯ ಏನೆಂದರೆ, ದೆವ್ವದ ಪ್ರೀತಿ, ನಾಗಪ್ಪನ ಪ್ರೀತಿ ಇರುವ ಕಥೆಗಳನ್ನು ನಮ್ಮಂಥ ಹುಡುಗಿಯರು ಓದಬೇಕೋ ಬ್ಯಾಡೋ ಎಂಬುದು. ನಗಬ್ಯಾಡ್ರಿ. ಪೂರ್ತಿ ಓದಿ ಆಮೇಲೆ ನಗ್ರಿ.

ನಮ್ಮ ಶಾಲೆಯ ಪುಸ್ತಕದ ಪೆಟ್ಟಿಗೆಯಲ್ಲಿ ಮಹಾಪುರುಷರ ಜೀವನ ಚರಿತ್ರೆಗಳು ಯಾವಾಗ ನೋಡಿದರೂ ಇರುತ್ತವೆ. ಆದರೆ ನಾಗಕನ್ಯೆ, ಮೋಹಿನಿ, ಗಂಧರ್ವ ಎಂದು ಹೆಸರಿರುವ ಪುಸ್ತಕ ಒಂದು ದಿನವೂ ಅಲ್ಲಿ ನಿಲ್ಲುವುದಿಲ್ಲ. ಒಬ್ಬರ ಪಾಟಿಚೀಲದಿಂದ ಇನ್ನೊಬ್ಬರ ಪಾಟಿಚೀಲಕ್ಕೆ ಹೋಗುತ್ತಲೇ ಇರುತ್ತದೆ. ಮನೆಯಲ್ಲಿ ಹಿರಿಯರು ನೋಡಿದರೆ ಬೈಗುಳ ತಪ್ಪಿದ್ದಲ್ಲ. ಹುಡುಗ ಓದಿದರೆ ‘ಅಂಜಬುರುಕ ಆಗ್ತಿ’ ಅಂತಾರ. ಹುಡುಗಿ ಓದಿದರೆ ‘ಕೆಟ್ಟು ಹೋಗ್ತಿ’ ಅಂತಾರ. ಒಂದೇ ಪುಸ್ತಕಕ್ಕೆ ಎರಡು ನಮೂನಿ ಬೈಗುಳ ಯಾಕ?

ಮೊದಲನೆಯದಾಗಿ, ಇಂಥ ಕಥೆಗಳು ಮೊಬೈಲಿನಿಂದ ಬಂದವಲ್ಲ. ನಮ್ಮ ಆಯಿ ಜ್ವಾಳ ಹಸನು ಮಾಡುತ್ತಾ ಹೇಳುವ ಕಥೆಗಳಲ್ಲಿ ಹಾವು ರಾಜಕುಮಾರ ಆಗತೈತಿ, ಹುಡುಗಿ ಹೂವಿನ ಗಿಡ ಆಗತಾಳ. ಆಯಿ ಶಾಲೆಯ ಕಟ್ಟೆ ಹತ್ತಿದವಳಲ್ಲ. ಅವಳು ಕೇಳಿದ್ದು ಅವಳ ಆಯಿಯ ಬಾಯಿಂದ. ಮೈಸೂರಿನಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಪಾಠ ಹೇಳಿದ್ದ ಎ. ಕೆ. ರಾಮಾನುಜನ್ (1929-1993) ಅವರು ಇಂಥ ಕಥೆಗಳನ್ನು ಕನ್ನಡದ ಜನರ ಬಾಯಿಂದಲೇ ಕೇಳಿ ಬರೆದುಕೊಂಡರು. ಅವರು ಹೇಳಿದ ಎರಡು ಕಥೆಗಳ ಮೇಲೆ ಗಿರೀಶ ಕಾರ್ನಾಡರು ‘ನಾಗಮಂಡಲ’ ನಾಟಕ ಬರೆದರು. 1997ರಲ್ಲಿ ಟಿ. ಎಸ್. ನಾಗಾಭರಣ ಅವರು ಅದನ್ನು ಸಿನೆಮಾ ಮಾಡಿದರು. ಆಯಿಯ ಕಥೆಗೆ ಇಷ್ಟು ಮರ್ಯಾದೆ ಇರುವಾಗ ಮೊಮ್ಮಗಳು ಓದಿದರೆ ತಪ್ಪೇನು?

ನಾಗಮಂಡಲ ಗೊತ್ತಿಲ್ಲದವರಿಗೆ ಕಥೆ ಸ್ವಲ್ಪ ಹೇಳುತ್ತೇನೆ. ರಾಣಿ ಎಂಬ ಹುಡುಗಿ ಅಪ್ಪಣ್ಣನನ್ನು ಮದುವೆಯಾಗಿ ಬರುತ್ತಾಳೆ. ಅಪ್ಪಣ್ಣ ಅವಳನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಕೀಲಿ ಹಾಕಿಕೊಂಡು ಬೇರೆ ಹೆಂಗಸಿನ ಮನೆಗೆ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ಉಂಡು ಹೋಗುತ್ತಾನೆ. ಮಾತಿಲ್ಲ, ಕಥೆಯಿಲ್ಲ. ಕುರುಡವ್ವ ಎಂಬ ಮುದುಕಿ ಗಂಡ ಒಲಿಯಲಿ ಎಂದು ಒಂದು ಬೇರು ಕೊಡುತ್ತಾಳೆ. ರಾಣಿ ಅದನ್ನು ಅಡಿಗೆಗೆ ಹಾಕಿದರೆ ಅಡಿಗೆ ಕೆಂಪಗೆ ರಕ್ತದ ಹಾಂಗ ಆಗುತ್ತದೆ. ಅಂಜಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದಲ್ಲಿದ್ದ ನಾಗ ಅದನ್ನು ಕುಡಿದು ಅವಳ ಮೇಲೆ ಪ್ರೀತಿ ಹುಟ್ಟಿ, ರಾತ್ರಿ ಬಚ್ಚಲ ಮೋರಿಯೊಳಗಿಂದ ಬಂದು ಅಪ್ಪಣ್ಣನ ರೂಪ ತಾಳುತ್ತಾನೆ. ಸಮಾಧಾನದಿಂದ ಮಾತಾಡುತ್ತಾನೆ. ರಾಣಿ ಪಾಪ, ನನ್ನ ಗಂಡನೇ ಎಂದು ತಿಳಿಯುತ್ತಾಳೆ. ಮಧ್ಯಾಹ್ನ ಸಿಟ್ಟಿನವ, ರಾತ್ರಿ ಪ್ರೀತಿಯವ, ಇದು ಹ್ಯಾಂಗ ಎಂದು ಅವಳಿಗೆ ತಿಳಿಯುವುದಿಲ್ಲ. ಕೊನೆಗೆ ಅವಳು ಬಸುರಿಯಾದಾಗ ಅಪ್ಪಣ್ಣ ಪಂಚಾಯಿತಿ ಸೇರಿಸುತ್ತಾನೆ. ರಾಣಿ ಹುತ್ತಕ್ಕೆ ಕೈಹಾಕಿ ನಾಗನನ್ನು ಹಿಡಿದು ಆಣೆ ಮಾಡುತ್ತಾಳೆ. ನಾಗ ಕಚ್ಚುವುದಿಲ್ಲ, ಹೆಡೆ ಎತ್ತುತ್ತಾನೆ. ಜನ ಅವಳನ್ನು ದೇವಿ ಎನ್ನುತ್ತಾರೆ.

ಓದಿದವರೆಲ್ಲ ‘ಎಂಥಾ ಪ್ರೀತಿ ನಾಗಪ್ಪಂದು!’ ಎಂದು ಕಣ್ಣೀರು ಹಾಕುತ್ತಾರೆ. ನನ್ನ ಅಭಿಪ್ರಾಯ ಬೇರೆ. ನಾಗ ಒಳ್ಳೆಯ ಮಾತಾಡಿದ ನಿಜ. ಆದರೆ ‘ನಾನು ನಿನ್ನ ಗಂಡ ಅಲ್ಲ, ನಾಗ ಇದ್ದೇನೆ, ಬರಲೋ ಬ್ಯಾಡೋ’ ಎಂದು ಒಂದು ದಿನವಾದರೂ ಕೇಳಿದನೇ? ಇಲ್ಲ. ಒಬ್ಬ ಕೀಲಿ ಹಾಕಿದ, ಇನ್ನೊಬ್ಬ ಸುಳ್ಳು ಹೇಳಿದ. ಪಂಚಾಯಿತಿಯಲ್ಲಿ ಆಣೆ ಮಾಡಬೇಕಾದವಳು ಮಾತ್ರ ರಾಣಿ! ಅವರಿಬ್ಬರಿಗೂ ಯಾರೂ ಆಣೆ ಹಾಕಲಿಲ್ಲ.

ಇನ್ನೊಂದು ಮಾತು ನೋಡಿರಿ. ಸಂಶಯ ಬಂದ ಮೇಲೆ ಅಪ್ಪಣ್ಣ ಕಾವಲಿಗೆ ನಾಯಿ ತಂದ. ಆಮೇಲೆ ಮುಂಗುಸಿ ತಂದ. ಕೀಲಿ, ನಾಯಿ, ಮುಂಗುಸಿ ಮೂರೂ ಇದ್ದವು. ಆದರೂ ನಾಗ ಬಂದ. ರಾಣಿಗೆ ಮಾತಾಡಲು ಯಾರೂ ಇರಲಿಲ್ಲ, ಅದಕ್ಕೇ ಬಂದವ ಯಾರೆಂದು ಅವಳು ಯಾರನ್ನೂ ಕೇಳುವ ಹಾಂಗ ಇರಲಿಲ್ಲ. ಬಾಗಿಲು ತೆರೆದಿದ್ದು ನಾಲ್ಕು ಮಂದಿ ಬಂದು ಹೋಗಿ ಮಾಡಿದ್ದರೆ ಒಬ್ಬರಾದರೂ ‘ಏ ತಂಗಿ, ನಿನ್ನ ಗಂಡ ರಾತ್ರಿ ಮನ್ಯಾಗ ಇರೂದೇ ಇಲ್ಲಲ್ಲ’ ಅಂತ ಹೇಳುತ್ತಿದ್ದರು.

ಹೂವಿನ ಗಿಡದ ಕಥೆಯಲ್ಲಿಯೂ ಇದೇ ಇದೆ. ಬಡವರ ಹುಡುಗಿ ಒಂದು ಕೊಡ ನೀರು ಸುರಿಸಿಕೊಂಡು ಗಿಡವಾಗುತ್ತಾಳೆ. ಅವಳ ಅಕ್ಕ ಒಂದು ಟೊಂಗೆಗೂ ನೋವಾಗದಂತೆ ಹೂ ಬಿಡಿಸಿ, ಇನ್ನೊಂದು ಕೊಡ ನೀರು ಹಾಕಿ ಮತ್ತೆ ಹುಡುಗಿಯನ್ನಾಗಿ ಮಾಡುತ್ತಾಳೆ. ರಾಜಕುಮಾರ ಅವಳನ್ನು ಮದುವೆಯಾದ ಮೇಲೆ ಗಿಡವಾಗು ಎಂದು ಹಟ ಹಿಡಿಯುತ್ತಾನೆ. ಅವಳು ಒಲ್ಲೆ ಅಂದರೂ ಬಿಡುವುದಿಲ್ಲ. ಮುಂದೆ ಅವನ ತಂಗಿಯೂ ತೋಟಕ್ಕೆ ಕರೆದುಕೊಂಡು ಹೋಗಿ ಗಿಡ ಮಾಡಿಸುತ್ತಾಳೆ. ಗೆಳತಿಯರು ಟೊಂಗೆ ಮುರಿದು ಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದೆ ಬೀಳುತ್ತಾಳೆ. ಒಲ್ಲೆ ಎಂಬ ಮಾತು ಮೊದಲನೆಯ ಸಲವೇ ಕೇಳಿಸಿದ್ದರೆ ಟೊಂಗೆ ಮುರಿಯುತ್ತಿರಲಿಲ್ಲ.

ನಮ್ಮ ದೇಶದ ಕಥೆಗಳೇ ಹೀಗೆ ಎಂದು ತಿಳಿಯಬೇಡಿರಿ. ವಿಜಯಪುರದಲ್ಲಿ ಕಾಲೇಜು ಓದುವ ನಮ್ಮ ದೊಡ್ಡಪ್ಪನ ಮಗಳು ಅಕ್ಕ ನನಗೆ ‘ಟ್ವೈಲೈಟ್’ ಎಂಬ ಇಂಗ್ಲಿಷ್ ಕಾದಂಬರಿಯ ಕಥೆ ಹೇಳಿದಳು. ಅಮೇರಿಕಾದ ಸ್ಟೆಫನಿ ಮೇಯರ್ ಎಂಬವರು ಬರೆದದ್ದು, 2005ರಲ್ಲಿ ಪ್ರಕಟವಾದದ್ದು. ಮುಂದಿನ ಭಾಗಗಳೂ ಸೇರಿ 10 ಕೋಟಿಗಿಂತ ಹೆಚ್ಚು ಪ್ರತಿ ಮಾರಾಟವಾಗಿವೆಯಂತೆ. ಅದರಲ್ಲಿ ಎಡ್ವರ್ಡ್ ಎಂಬವನು ರಕ್ತ ಕುಡಿಯುವ ಜಾತಿಯವನು. ನೋಡಲು 17 ವರ್ಷ, ಖರೆ ವಯಸ್ಸು 100 ದಾಟಿದೆ. ಬೆಲ್ಲಾ ಎಂಬ ಹುಡುಗಿ ಮಲಗಿದಾಗ ಅವಳಿಗೆ ಗೊತ್ತಿಲ್ಲದೆ ಕೋಣೆಯೊಳಗೆ ಬಂದು ನೋಡುತ್ತಾ ಕೂಡುತ್ತಾನೆ. ಒಂದು ಭಾಗದಲ್ಲಿ ಅವಳು ಗೆಳೆಯನ ಮನೆಗೆ ಹೋಗಬಾರದೆಂದು ಅವಳ ಗಾಡಿಯ ಇಂಜಿನ್ನಿನ ಸಾಮಾನು ಬಿಚ್ಚಿ ಇಡುತ್ತಾನೆ. ಅಕ್ಕ ‘ಅವಗ ಆಕಿ ಮ್ಯಾಲ ಅಷ್ಟು ಕಾಳಜಿ’ ಅಂದಳು. ನಾನು ‘ಅಕ್ಕಾ, ಇಂವ ನಾಗಪ್ಪನೂ ಹೌದು, ಅಪ್ಪಣ್ಣನೂ ಹೌದು’ ಅಂದೆ. ಅಕ್ಕ ನಕ್ಕಳು, ಆದರೆ ಇಲ್ಲ ಅನ್ನಲಿಲ್ಲ.

ಹಾಂಗಂತ ಗಂಡಸರದೇ ತಪ್ಪು ಎಂದು ನಾನು ಹೇಳುವುದಿಲ್ಲ. 1979ರ ‘ನಾ ನಿನ್ನ ಬಿಡಲಾರೆ’ ಸಿನೆಮಾದಲ್ಲಿ ಸತ್ತ ಹೆಣ್ಣಿನ ಆತ್ಮ ನಾಯಕನನ್ನು ಹಿಡಿದುಕೊಳ್ಳುತ್ತದೆ. ಹೆಸರೇ ನೋಡಿರಿ. ಬಿಡಲಾರೆ ಅನ್ನುವುದು ಪ್ರೀತಿ ಅಲ್ಲ, ಹಟ. ಬ್ಯಾಡ ಅಂದರೆ ಬಿಡುವವರೇ ಖರೆ ಪ್ರೀತಿಯವರು.

ನಮ್ಮ ವಿಜಯಪುರದ ಹೊರಗೆ ಸಾಠ್ ಕಬರ್ ಎಂಬ ಜಾಗವಿದೆ. ಒಂದೇ ನಮೂನಿಯ ಅರವತ್ತಕ್ಕೂ ಹೆಚ್ಚು ಗೋರಿಗಳು ಸಾಲಾಗಿವೆ. ಅಫಜಲಖಾನ 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮೊದಲು, ತಾನು ಸತ್ತ ಮೇಲೆ ಬೇರೆಯವರ ಪಾಲಾಗಬಾರದೆಂದು ಹೆಂಡಂದಿರನ್ನು ಬಾವಿಗೆ ತಳ್ಳಿ ಕೊಲ್ಲಿಸಿದ ಎಂದು ಜನ ಕಥೆ ಹೇಳುತ್ತಾರೆ. ನಮ್ಮ ತರಗತಿಯ ಹುಡುಗರು ಅಲ್ಲಿ ರಾತ್ರಿ ಗೆಜ್ಜೆ ಸಪ್ಪಳ ಕೇಳಿಸುತ್ತದೆ ಎಂದು ನಮ್ಮನ್ನು ಅಂಜಿಸುತ್ತಾರೆ. ಸತ್ತವರ ಗೆಜ್ಜೆಗೆ ಎಲ್ಲರೂ ಅಂಜುತ್ತಾರೆ. ಬದುಕಿದ್ದಾಗ ಅವರು ಏನು ಅಂದರು ಎಂದು ಕಥೆ ಹೇಳುವವರು ಯಾರೂ ಹೇಳುವುದಿಲ್ಲ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಏಳನೆಯತ್ತೆ ಮುಗಿದ ಮೇಲೆ ನಾವು ಕೆಲವರು ತಿಕೋಟಾಕ್ಕೆ, ಕೆಲವರು ಬಬಲೇಶ್ವರಕ್ಕೆ ಬಸ್ಸಿನಲ್ಲಿ ಹೈಸ್ಕೂಲಿಗೆ ಹೋಗಬೇಕು. ನನಗೆ ಗೊತ್ತಿರುವ ಒಬ್ಬ ಅಕ್ಕ ಹಾಂಗೇ ಹೋಗುತ್ತಿದ್ದಳು. ಯಾವ ಊರು, ಯಾರ ಮನಿ ಎಂದು ಬರೆಯುವುದಿಲ್ಲ. ಅವರಪ್ಪನ ಮೊಬೈಲಿಗೆ ಹುಡುಗಿಯ ಹೆಸರಿನಲ್ಲಿ ಒಬ್ಬರು ಗೆಳತಿಯಂತೆ ಮೆಸೇಜು ಕಳಿಸುತ್ತಿದ್ದರು. ಆಮೇಲೆ ನೋಡಿದರೆ ಅದು ದೊಡ್ಡ ಮನುಷ್ಯ. ಅವನು ಫೋಟೋ ಕೇಳಿದಾಗ ಅಕ್ಕ ಅಂಜಿದಳು. ಆದರೂ ತಿಂಗಳುಗಟ್ಟಲೆ ಮನೆಯಲ್ಲಿ ಹೇಳಲಿಲ್ಲ. ಯಾಕಂದರೆ ಹೇಳಿದರೆ ಸಾಲಿ ಬಿಡಿಸ್ತಾರ ಅಂತ ಅವಳಿಗೆ ಗೊತ್ತಿತ್ತು. ಕಡೆಗೆ ಗೊತ್ತಾಯಿತು, ಬಿಡಿಸಿಯೇ ಬಿಟ್ಟರು. ಮೋಸ ಮಾಡಿದವ ಆರಾಮ ಅದಾನ. ಅಕ್ಕ ಈಗ ದ್ರಾಕ್ಷಿ ತೋಟಕ್ಕೆ ಕೂಲಿ ಹೋಗುತ್ತಾಳೆ.

ಹಿರಿಯರೇ, ಇದು ನಾಗಮಂಡಲವೇ ಅಲ್ಲವೇ? ವೇಷ ಹಾಕಿಕೊಂಡು ಬಂದವನೂ ಇದ್ದಾನೆ, ಕೀಲಿಯೂ ಇದೆ. ನೀವು ಕೀಲಿ ಹಾಕುತ್ತೀರಿ ಎಂಬ ಅಂಜಿಕೆಯಿಂದಲೇ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ನಾವು ಬಾಯಿ ಮುಚ್ಚಿಕೊಂಡರೆ ಬಚ್ಚಲ ಮೋರಿಯಿಂದ ಬರುವವನಿಗೆ ಅನುಕೂಲ. ಈ ಮಾತನ್ನು ನನ್ನ ಬಗ್ಗೆ, ನನ್ನ ಗೆಳತಿಯ ಬಗ್ಗೆ ಎಂದು ಹೇಳಲು ನಾಚಿಕೆ ಆಗತೈತಿ. ರಾಣಿಯ ಬಗ್ಗೆ ಎಂದರೆ ಯಾರ ಮುಂದೆಯೂ ಹೇಳಬಹುದು. ಅದಕ್ಕೇ ಇಂಥ ಕಥೆ ಬೇಕು ಎಂದು ನಾನು ಹೇಳುವುದು. ಪುಸ್ತಕ ಕಸಿದುಕೊಂಡರೆ ಆ ಮಾತಿನ ದಾರಿಯೂ ಮುಚ್ಚಿತು.

ನನ್ನ ವಿನಂತಿ ಇಷ್ಟು. ಗುರುಗಳು ಇಂಥ ಪುಸ್ತಕಗಳನ್ನು ಬಚ್ಚಿಡಬಾರದು. ಶನಿವಾರ ಒಂದು ಪಿರಿಯಡ್ ಎಲ್ಲರೂ ಕೂಡಿ ಓದಿ ಮಾತಾಡಲು ಬಿಡಬೇಕು. ಗೆಳತಿಯರು, ಗೆಳೆಯರು ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಬಂದವನು ತಾನು ಯಾರೆಂದು ಖರೆ ಹೇಳಿದನೇ? ಹುಡುಗಿಯನ್ನು ಕೇಳಿದನೇ? ಅವಳು ಒಲ್ಲೆ ಅಂದರೆ ಬಿಟ್ಟನೇ? ಮೂರಕ್ಕೂ ಹೌದು ಎಂದಾದರೆ ಅವನು ದೆವ್ವವಾದರೂ ಅಡ್ಡಿಯಿಲ್ಲ. ಯಾರಿಗಾದರೂ ಇಂಥ ತೊಂದರೆ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಪುಕ್ಕಟೆ ಫೋನ್ ಮಾಡಬಹುದು. ಮನೆಯವರು ಮಗಳು ಹೇಳಿದ್ದನ್ನು ಮೊದಲು ಪೂರ್ತಿ ಕೇಳಬೇಕು, ಬಸ್ ಪಾಸು ಕಸಿದುಕೊಳ್ಳಬಾರದು.

ಕಾರ್ನಾಡರು ತಮ್ಮ ನಾಟಕಕ್ಕೆ ಒಂದಕ್ಕಿಂತ ಹೆಚ್ಚು ಮುಕ್ತಾಯ ಬರೆದಿದ್ದಾರೆ. ಒಂದರಲ್ಲಿ ನಾಗ ಸಾಯುತ್ತಾನೆ, ಇನ್ನೊಂದರಲ್ಲಿ ರಾಣಿಯ ಕೂದಲಲ್ಲಿ ಬದುಕುತ್ತಾನೆ. ನನಗೆ ಇನ್ನೂ ಒಂದು ಬೇಕು. ಪಂಚಾಯಿತಿಯವರು ಅಪ್ಪಣ್ಣನ ಕಡೆಯಿಂದ ಕೀಲಿ ಇಸಕೊಂಡು ರಾಣಿಯ ಕೈಯಲ್ಲಿ ಕೊಡಬೇಕು. ನಿಮಗೆ ಯಾವ ಮುಕ್ತಾಯ ಬೇಕು? ಕೆಳಗೆ ಖಾಲಿ ಹಾಳೆ ಅಂಟಿಸಿದ್ದೇನೆ, ಹೆಸರು ಬರೆಯದಿದ್ದರೂ ನಡೆಯುತ್ತದೆ, ಅಭಿಪ್ರಾಯ ಬರೆಯಿರಿ.

ಇಂತಿ ನಿಮ್ಮ,
ಏಳನೆಯ ತರಗತಿಯ ವಿದ್ಯಾರ್ಥಿನಿ