ಎಳೆಯರೊಡನೆ: ಹೆಸರು ಬಿಡಿಸಿದರೆ ಊರು



ಮಗಳು ಗ್ಲಾಸ್ಗೋದಲ್ಲಿರುವುದರಿಂದ ಸ್ಕಾಟ್ಲೆಂಡಿನ ಪಡುವಣ ತೀರದ ರಸ್ತೆಯೊಂದು ಈಗ ನನಗೆ ಪರಿಚಯದ ದಾರಿ. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂಗೆ ಸುಮಾರು 170 ಕಿಲೋಮೀಟರು. ಅಲ್ಲಿಂದ ಕಡಲಂಚಿನ ಮಾಲೆಗ್‌ಗೆ ಇನ್ನೊಂದು 70. ಮೊದಲೆರಡು ಸಲ ನೀರು, ಬೆಟ್ಟ, ಮಂಜು ಕಂಡು ಹಿಗ್ಗಿ ಬಂದೆ, ಅಷ್ಟೇ. ಮೂರನೆಯ ಸಲ ಅಳಿಯ ಕಾರು ನಡೆಸುತ್ತಿದ್ದರೆ ನಾನು ಊರಿನ ಹೆಸರುಗಳನ್ನು ಓದುತ್ತ, ಅರ್ಥ ಕೇಳುತ್ತ ಕುಳಿತೆ. ದಾರಿಯೇ ಬೇರೆಯಾಯಿತು.

ಮೊದಲು ಸಿಗುವುದು ಲಾಖ್ ಲೋಮಂಡ್. ಉದ್ದ ಸುಮಾರು 36 ಕಿಲೋಮೀಟರು. ರಸ್ತೆ ಅದರ ಪಶ್ಚಿಮ ದಡವನ್ನೇ ಹಿಡಿದು ಸಾಗುತ್ತದೆ. ಆ ನಾಡಿನ ಗೇಲಿಕ್ ಭಾಷೆಯಲ್ಲಿ ‘ಲಾಖ್’ ಎಂದರೆ ಸರೋವರ. ಒಳನಾಡಿಗೆ ಚಾಚಿದ ಕಡಲಿನ ತೋಳಿಗೂ ಅದೇ ಹೆಸರು. ದಡದಲ್ಲಿ ಟಾರ್ಬೆಟ್ ಎಂಬ ಪುಟ್ಟ ಊರು. ಎರಡು ನೀರುಗಳ ನಡುವಿನ ಕಿರಿದಾದ ನೆಲಕ್ಕೆ, ದೋಣಿಯನ್ನು ಎಳೆದು ದಾಟಿಸುವ ಜಾಗಕ್ಕೆ, ಈ ಹೆಸರು. 1263ರಲ್ಲಿ ನಾರ್ವೆಯ ಯೋಧರು ಕಡಲಿನಿಂದ ಇಲ್ಲಿಗೆ ತಮ್ಮ ದೋಣಿಗಳನ್ನು ಎಳೆದು ತಂದರೆಂದು ಹಳೆಯ ಕಥನಗಳು ಹೇಳುತ್ತವೆ. ಫಲಕದ ಒಂದು ಪದದೊಳಗೆ ಎಷ್ಟು ದೊಡ್ಡ ಕತೆ ನೋಡಿ!

ಮುಂದೆ ಗ್ಲೆನ್‌ಕೋ. ‘ಗ್ಲೆನ್’ ಎಂದರೆ ಕಣಿವೆ. 1692ರ ಫೆಬ್ರವರಿ 13ರಂದು, ಅತಿಥಿಗಳಾಗಿ ಉಂಡು ಮಲಗಿದ್ದ ಸೈನಿಕರೇ ಆತಿಥ್ಯ ಕೊಟ್ಟ ಮ್ಯಾಕ್‌ಡೊನಾಲ್ಡ್ ಕುಲದವರನ್ನು ಕೊಂದ ಜಾಗ. ಅದನ್ನು ದಾಟಿದರೆ ಬ್ಯಾಲಹೂಲಿಶ್. ಅಂದರೆ ಜಲಸಂಧಿಯ ಹಳ್ಳಿ. ಕಡಲ ತೋಳು ಅಲ್ಲಿ ಇಕ್ಕಟ್ಟಾಗುತ್ತದೆ. 1975ರಲ್ಲಿ ಸೇತುವೆ ಆಗುವವರೆಗೆ ಕಾರುಗಳೂ ದೋಣಿಯ ಮೇಲೇ ದಾಟಬೇಕಿತ್ತು.

ಅಷ್ಟರಲ್ಲಿ ಅಳಿಯ ತಿರುಗಿ ಕೇಳಿದ: “ಅತ್ತೆ, ನಿಮ್ಮೂರು ಪಡುಬಿದ್ರಿ ಅಂದರೆ ಏನರ್ಥ?” ನಾನು ಮಗಳ ಮುಖ ನೋಡಿದೆ. ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಮೇ ತಿಂಗಳು ಮುಂಬಯಿಯಿಂದ ಆ ಹೆದ್ದಾರಿಯಲ್ಲೇ ಊರಿಗೆ ಹೋಗಿ ಬೆಳೆದವಳು. ಪಡು ಎಂದರೆ ಪಶ್ಚಿಮ, ಬಿದಿರು ಗೊತ್ತೇ ಇದೆ; ಮೂಡಣಕ್ಕೆ ಮೂಡುಬಿದಿರೆ ಇದೆ. ಎರಡು ನಿಮಿಷದ ಮಾತು. ಅಷ್ಟನ್ನೂ ನಾನು ಅವಳಿಗೆ ಹೇಳಿರಲಿಲ್ಲ. ಪರೀಕ್ಷೆಯ ಅಂಕ ಕೇಳಿದಷ್ಟು ಸಲ ಈ ಮಾತು ಆಡಿದ್ದರೆ! ತಪ್ಪು ಅವಳದ್ದಲ್ಲ, ನನ್ನದು.

ಗೇಲಿಕ್ಕಿನ ಪಾಡೂ ಬೇರೆಯಲ್ಲ. 1872ರ ಶಿಕ್ಷಣ ಕಾನೂನಿನಲ್ಲಿ ಆ ಭಾಷೆಗೆ ಸ್ಥಾನವೇ ಇರಲಿಲ್ಲ. 2022ರ ಜನಗಣತಿಯಲ್ಲಿ ಗೇಲಿಕ್ ಅಲ್ಪಸ್ವಲ್ಪವಾದರೂ ಬಲ್ಲವರು ಸುಮಾರು 1.3 ಲಕ್ಷ, ಅಂದರೆ ನೂರಕ್ಕೆ ಎರಡೂವರೆ ಮಂದಿ. ಆದರೆ ರಸ್ತೆ ಮುಗಿಯುವ ಮಾಲೆಗ್‌ನಿಂದ ಹಡಗು ಹತ್ತಿ ಸ್ಕೈ ದ್ವೀಪಕ್ಕೆ ಇಳಿದರೆ, ಹತ್ತಿರದಲ್ಲೇ ಒಂದು ಕಾಲೇಜಿದೆ: ಸಾಲ್ ಮೋರ್ ಓಸ್ಟಿಗ್. 1973ರಲ್ಲಿ ಹಳೆಯ ಕಣಜದ ಕಟ್ಟಡವೊಂದರಲ್ಲಿ ಶುರುವಾದದ್ದು. ಹೆಸರಿನ ಅರ್ಥವೂ ‘ಓಸ್ಟಿಗ್‌ನ ದೊಡ್ಡ ಕಣಜ’ ಎಂದೇ. ಅಲ್ಲಿ ಪಾಠವೆಲ್ಲ ಗೇಲಿಕ್ಕಿನಲ್ಲಿ. ಮನೆಯಲ್ಲಿ ಆ ಭಾಷೆ ಕೇಳದೆ ಬೆಳೆದವರೂ ದೊಡ್ಡವರಾದ ಮೇಲೆ ಬಂದು ಕಲಿಯುತ್ತಾರೆ.

ಕಲಿಯಲು ನಿಮಗೂ ಹೊತ್ತು ಮೀರಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋಗುವಾಗ ಕಿಟಕಿಯ ಪಕ್ಕ ಕುಳಿತು ಒಂದೇ ಒಂದು ಫಲಕವನ್ನು ಕನ್ನಡದಲ್ಲಿ ಓದಿ. ಅರ್ಥವನ್ನು ಅಜ್ಜ ಅಜ್ಜಿಯರನ್ನು ಕೇಳಿ, ನಮಗೆ ಬರೆದು ಕಳಿಸಿ. ಬರೆಯಲು ಬಾರದಿದ್ದರೆ ನಾಚಿಕೆ ಬೇಡ, ಅಮ್ಮನಿಂದ ಬರೆಸಿ. ಅಮ್ಮನಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ.