‘ವಯಸ್ಸಾಯಿತು ಬಿಡಿ’ ಎನ್ನುವವರಿಗೆ



‘ವಯಸ್ಸಾಯಿತು ಬಿಡಿ’ ಎಂಬುದು ಎರಡೇ ಪದಗಳ ಮಾತು. ಕೇಳುವುದಕ್ಕೆ ಸಮಾಧಾನದಂತೆ ತೋರುತ್ತದೆ. ವಾಸ್ತವದಲ್ಲಿ ಅದು ಹೊಣೆ ಕಳಚಿಕೊಳ್ಳುವವರ ಮಾತು. ಕೊಟ್ಟಿಗೆಯ ಮುದಿ ಹಸುವಿನಿಂದ ಮೊದಲ್ಗೊಂಡು ನಡುಮನೆಯ ಅಜ್ಜಿಯವರೆಗೆ ಯಾರು ಹಾಸಿಗೆ ಹಿಡಿದರೂ ಈ ಮಾತು ಸಿದ್ಧವಾಗಿರುತ್ತದೆ. ಅದನ್ನು ಆಡಿದ ಕ್ಷಣವೇ ವೈದ್ಯರನ್ನು ಹುಡುಕುವ ಶ್ರಮ, ಹಣದ ವೆಚ್ಚ, ರಾತ್ರಿಯ ನಿದ್ದೆಗೇಡು ಎಲ್ಲವೂ ಒಮ್ಮೆಲೇ ತಪ್ಪುತ್ತವೆ. ಈ ಲೇಖನ ಆ ಮಾತಿನ ವಿರುದ್ಧ ಬರೆದದ್ದು. ನಿಮಿತ್ತ ಮಾತ್ರ ಬಹಳ ಚಿಕ್ಕದು: ಒಂದು ಕಿಲೋ ಕೂಡ ತೂಗದ ಒಂದು ಗಿನಿಹಂದಿ. ನಗುವವರು ಈಗಲೇ ನಕ್ಕುಬಿಡಿ. ಮುಂದೆ ನಗುವ ವಿಷಯ ಹೆಚ್ಚಿಲ್ಲ.

ಈ ಪ್ರಾಣಿಯನ್ನು ಕಾಣದವರಿಗಾಗಿ ಎರಡು ಮಾತು. ಅದು ಹಂದಿಯೂ ಅಲ್ಲ, ಆಫ್ರಿಕದ ಗಿನಿ ದೇಶದ್ದೂ ಅಲ್ಲ. ಇಲಿ, ಅಳಿಲುಗಳ ಹಾಗೆ ದಂಶಕಗಳ ಗುಂಪಿಗೆ ಸೇರಿದ, ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಮನುಷ್ಯನು ಪಳಗಿಸಿದ ಜೀವಿ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಯೂರೋಪಿಗೆ ಬಂತು. ಅಲ್ಲಿಂದ ಲೋಕವೆಲ್ಲ ಹರಡಿತು. ಬಾಲವಿಲ್ಲ, ಕಚ್ಚುವ ಸ್ವಭಾವವಿಲ್ಲ, ಹುಲ್ಲು ಸೊಪ್ಪು ಬಿಟ್ಟು ಬೇರೆ ಆಸೆಯಿಲ್ಲ. ಆಯಸ್ಸು ಸಾಮಾನ್ಯವಾಗಿ 5ರಿಂದ 7 ವರ್ಷ. ಚೆನ್ನಾಗಿ ನೋಡಿಕೊಂಡರೆ 8 ವರ್ಷ ಬದುಕುವುದೂ ಉಂಟು. ಆರು ವರ್ಷದ ಗಿನಿಹಂದಿಯೆಂದರೆ ನನ್ನ ವಯಸ್ಸಿನವರ ಸಾಲಿನಲ್ಲಿ ಕೂರಿಸಬಹುದಾದ ಹಿರಿಯ ಜೀವ.

ನಮ್ಮ ಮನೆಯಲ್ಲಿರುವುದು ಅಂಥದೇ ಒಂದು ಹೆಣ್ಣು. ಬೆಂಗಳೂರಿನಲ್ಲಿ ಮೊಮ್ಮಗಳು ಸಾಕಿಕೊಂಡಿದ್ದುದು, ಆಕೆ ಓದಿಗೆಂದು ದೂರ ಹೋದ ಮೇಲೆ ಗುಬ್ಬಿಗೆ ಬಂದು ನಮ್ಮ ಪಾಲಾಯಿತು. ಕೊತ್ತಂಬರಿ ಸೊಪ್ಪಿನ ಕಟ್ಟು ಕಂಡೊಡನೆ ಸೀಟಿ ಊದಿದಂತೆ ಕೂಗುತ್ತಿದ್ದ ಪ್ರಾಣಿ ಒಂದು ದಿನ ಬೆಳಿಗ್ಗೆ ಸೊಪ್ಪನ್ನು ಮೂಸಿ ಮುಖ ತಿರುಗಿಸಿ ಮೂಲೆ ಸೇರಿತು. ಮೈಗೂದಲು ನಿಗುರಿತ್ತು, ಗದ್ದ ಜೊಲ್ಲಿನಿಂದ ತೊಯ್ದಿತ್ತು, ರಾತ್ರಿಯಿಂದ ಹಿಕ್ಕೆ ಹಾಕಿರಲಿಲ್ಲ. ನೋಡಿದ ನೆರೆಯವರೂ, ಫೋನಿನಲ್ಲಿ ಕೇಳಿದ ನೆಂಟರೂ, ಕಡೆಗೆ ಅದನ್ನು ಮುಟ್ಟಿಯೂ ನೋಡದ ಒಬ್ಬ ವೈದ್ಯರೂ ಹೇಳಿದ್ದು ಒಂದೇ: ವಯಸ್ಸಾಯಿತು ಬಿಡಿ. ಅದೇ ದಿನ ಮಧ್ಯಾಹ್ನ ತೊಂಬತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಇಂಥ ಸಣ್ಣ ಪ್ರಾಣಿಗಳನ್ನು ಬಲ್ಲ ವೈದ್ಯರೊಬ್ಬರು ಅದರ ಬಾಯಿ ತೆರೆದು ನೋಡಿದರು. ಒಳಗಿನ ದವಡೆಹಲ್ಲುಗಳು ಓರೆಯಾಗಿ ಬೆಳೆದು ನಾಲಿಗೆಯನ್ನು ಒತ್ತಿಹಿಡಿದಿದ್ದವು. ಅದಕ್ಕೆ ಹಸಿವಿತ್ತು, ನುಂಗುವ ದಾರಿಯಿರಲಿಲ್ಲ. ಅರಿವಳಿಕೆ ಕೊಟ್ಟು ಹಲ್ಲು ಸವರಿದರು. ಮೂರು ವಾರ ಸಿರಿಂಜಿನಲ್ಲಿ ಗಂಜಿಯಂತೆ ಕಲಸಿದ ಆಹಾರವನ್ನು ಹಗಲೂ ರಾತ್ರಿಯೂ ಉಣಿಸಿದೆವು. ಇಂದು ಅದು ಮತ್ತೆ ಕೊತ್ತಂಬರಿಗೆ ಕೂಗುತ್ತಿದೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಮುಪ್ಪು ನಡೆದು ಬರುತ್ತದೆ, ರೋಗ ಹಾರಿ ಬರುತ್ತದೆ. ನಡಿಗೆ ನಿಧಾನವಾಗುವುದು, ನಿದ್ದೆ ಹೆಚ್ಚುವುದು, ಮೈ ತುಸು ಇಳಿಯುವುದು: ಇವು ತಿಂಗಳುಗಟ್ಟಲೆ ಹಿಡಿಯುವ ಬದಲಾವಣೆಗಳು. ನಿನ್ನೆ ತಿಂದದ್ದು ಇಂದು ತಿನ್ನುತ್ತಿಲ್ಲವೆಂದರೆ ನಡುವೆ ಕಳೆದದ್ದು ಒಂದು ರಾತ್ರಿ ಮಾತ್ರ. ಒಂದು ರಾತ್ರಿಯಲ್ಲಿ ಯಾರೂ ಮುದುಕರಾಗುವುದಿಲ್ಲ. ಆದ್ದರಿಂದ ಹಠಾತ್ತನೆ ಕಂಡ ಕಾಯಿಲೆಗೆ ವಯಸ್ಸನ್ನು ಕಾರಣವಾಗಿ ಹೇಳುವುದು ತರ್ಕಕ್ಕೇ ನಿಲ್ಲುವುದಿಲ್ಲ. ವಯಸ್ಸು ಕಾಯಿಲೆಗೆ ಬಾಗಿಲು ತೆರೆದಿರಬಹುದು. ಒಳಗೆ ಬಂದವರು ಯಾರೆಂದು ನೋಡುವ ಕೆಲಸ ಉಳಿದೇ ಇರುತ್ತದೆ.

ಹಾಗೆ ನೋಡಿದರೆ ಎಷ್ಟೋ ಬಾರಿ ಮದ್ದಿರುವ ಕಾರಣವೇ ಸಿಗುತ್ತದೆ. ಗಿನಿಹಂದಿಯ 20 ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತವೆ; ಹುಲ್ಲು ಅಗಿದು ಸವೆಯದಿದ್ದರೆ ನಮ್ಮ ಮನೆಯಲ್ಲಾದಂತೆ ಆಗುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಮಾಡುವಾಗ ನರಳಿದರೆ, ಮೂತ್ರಕೋಶದಲ್ಲಿ ಕಲ್ಲಿರಬಹುದು. ವಯಸ್ಸಾದ ಹೆಣ್ಣಿನ ಪಕ್ಕೆಗಳೆರಡರಲ್ಲೂ ಕೂದಲುದುರಿ ಹೊಟ್ಟೆ ಉಬ್ಬಿದರೆ ಅಂಡಾಶಯದಲ್ಲಿ ನೀರುಗುಳ್ಳೆಗಳಿರಬಹುದು. ತಲೆ ಒಂದು ಕಡೆಗೆ ವಾಲಿದರೆ ಕಿವಿಯ ಒಳಗೆ ಸೋಂಕಿರಬಹುದು. ನಡೆಯಲಾರದೆ ಮುದುಡಿ ಕುಳಿತು, ಕೀಲು ಬಾತು, ಒಸಡಿನಲ್ಲಿ ರಕ್ತ ಒಸರಿದರೆ, ಬರಿಯ ಸಿ ಜೀವಸತ್ವದ ಕೊರತೆಯಿರಬಹುದು. ಈ ಕಡೆಯದನ್ನು ನೋಡಿ ‘ಪಾಪ, ಮುದಿತನ, ಮಂಡಿನೋವು’ ಎಂದುಬಿಡುವುದು ಎಷ್ಟು ಸುಲಭ! ಒಂದು ದೊಣ್ಣೆಮೆಣಸಿನಕಾಯಿಯಲ್ಲಿ ಇದ್ದ ಉತ್ತರವನ್ನು ಆಯಸ್ಸಿನ ಲೆಕ್ಕಕ್ಕೆ ಬರೆದು ಮುಗಿಸುತ್ತೇವೆ.

ಕಾದು ನೋಡೋಣ ಎನ್ನುವವರಿಗೂ ಒಂದು ಮಾತು. ಹಸು ಮೇವು ಬಿಟ್ಟರೆ ರೈತನು ಅದರ ಮುಖ ನೋಡಿಯೇ ತಿಳಿಯುತ್ತಾನೆ. ಗಿನಿಹಂದಿ ಬೇಟೆಗೆ ಬಲಿಯಾಗುವ ಜಾತಿಯ ಪ್ರಾಣಿ. ಕಾಯಿಲೆಯನ್ನು ತೋರಿಸಿಕೊಂಡರೆ ಹದ್ದಿನ ಪಾಲಾಗುವ ಭಯ ಅದರ ರಕ್ತದಲ್ಲೇ ಇದೆ. ಕಡೆಯವರೆಗೆ ಮುಚ್ಚಿಡುತ್ತದೆ. ನಮಗೆ ಕಾಣುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಅದರ ಕರುಳು ಸದಾ ಮೇವಿನಿಂದ ಚಲಿಸುತ್ತಿರಬೇಕು. ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಚಲನೆ ಕುಗ್ಗಿ ವಾಯು ತುಂಬುತ್ತದೆ, ಒಂದು ದಿನ ಕಳೆದರೆ ಜೀವಕ್ಕೇ ಕುತ್ತು. ಆದುದರಿಂದ ನಾಳೆ ನೋಡೋಣ ಎಂಬುದೂ ಒಂದು ತೀರ್ಪೇ.

ಇನ್ನು ಎರಡನೆಯ ಆಕ್ಷೇಪ: ‘ಇಲಿಯಂಥದಕ್ಕೆ ಇಷ್ಟೆಲ್ಲ ಏಕೆ?’ ವಿಜ್ಞಾನ ಪಾಠ ಹೇಳಿದ ನನ್ನ ಬಳಿ ಇದಕ್ಕೆ ಖಾರವಾದ ಉತ್ತರವಿದೆ. ಉಸಿರಾಟವೂ ಒಂದು ಬಗೆಯ ನಿಧಾನವಾದ ದಹನವೆಂದು ನಿಮಗೆ ತರಗತಿಯಲ್ಲಿ ಹೇಳಿದ್ದೆನಲ್ಲ, ಲಾವೋಸಿಯೆ ಮತ್ತು ಲಾಪ್ಲಾಸ್ 1780ರ ದಶಕದ ಆರಂಭದಲ್ಲಿ ಅದನ್ನು ಅಳೆದದ್ದು ಮಂಜುಗಡ್ಡೆಯ ನಡುವಣ ಪಾತ್ರೆಯಲ್ಲಿ ಒಂದು ಗಿನಿಹಂದಿಯನ್ನು ಕೂರಿಸಿ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದಾಗ ಸಾಕ್ಷಿಯಾಗಿ ರೋಗ ಅನುಭವಿಸಿದ್ದು ಗಿನಿಹಂದಿಗಳು. ಮಕ್ಕಳ ಕತ್ತು ಹಿಸುಕುತ್ತಿದ್ದ ಗಂಟಲಮಾರಿಗೆ ಬೇರಿಂಗ್ 1890ರ ದಶಕದಲ್ಲಿ ಪ್ರತಿವಿಷ ಕಂಡುಹಿಡಿದದ್ದೂ ಅವುಗಳ ಮೈಮೇಲೆಯೇ. 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬಹುಮಾನ ಅದಕ್ಕಾಗಿ ಸಂದಿತು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಬರಿಯ ಧಾನ್ಯ ತಿನ್ನಿಸಿದ ಗಿನಿಹಂದಿಗಳಲ್ಲಿ ಸ್ಕರ್ವಿ ರೋಗ ಕಂಡರು. ಹಸು, ನಾಯಿ, ಇಲಿಗಳು ಸಿ ಜೀವಸತ್ವವನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ; ಮನುಷ್ಯನಂತೆಯೇ ಗಿನಿಹಂದಿಗೂ ಆ ಶಕ್ತಿಯಿಲ್ಲ. ಆ ಸಾಮ್ಯವೇ ಸಿ ಜೀವಸತ್ವದ ಶೋಧಕ್ಕೆ ದಾರಿಯಾಯಿತು. ನಮ್ಮನ್ನು ಬದುಕಿಸಿದ ಆ ಕೊರತೆಯೇ ಇಂದು ಬೋನಿನಲ್ಲಿ ಒಣಕಾಳು ಮಾತ್ರ ಕಾಣುವ ಗಿನಿಹಂದಿಯನ್ನು ಕೊಲ್ಲುತ್ತಿದೆ. ಇಲಿಗೆ ಪ್ರಾಣಸಂಕಟವಾದಾಗ ಬೆಕ್ಕಿಗೆ ಚೆಲ್ಲಾಟವೆಂಬ ಗಾದೆಯಲ್ಲಿ ಬೆಕ್ಕಿಗಾದರೂ ಹಸಿವಿನ ನೆಪವಿದೆ. ನಮಗೆ ಅದೂ ಇಲ್ಲ.

ಮೂರನೆಯ ಆಕ್ಷೇಪವನ್ನು ಮಾತ್ರ ನಾನು ಗೌರವದಿಂದ ಕೇಳುತ್ತೇನೆ. ಮನುಷ್ಯರಿಗೇ ಔಷಧಕ್ಕೆ ಹಣವಿಲ್ಲದಿರುವಾಗ ಪ್ರಾಣಿಗೆ ಸುರಿಯುವುದು ಸರಿಯೇ? ಒಂದು, ಪ್ರಾಣಿಗೆ ಖರ್ಚು ಮಾಡದೆ ಉಳಿಸಿದ ಹಣ ಬಡರೋಗಿಯ ಕೈ ಸೇರಿದ್ದನ್ನು ನಾನು ಕಂಡಿಲ್ಲ. ಮದುವೆಮನೆಯ ಪೆಂಡಾಲಿಗೆ ಹೋದದ್ದನ್ನು ಕಂಡಿದ್ದೇನೆ. ಎರಡು, ಹೊಣೆ ಹುಟ್ಟುವುದು ಪ್ರಾಣಿಯ ಗಾತ್ರದಿಂದಲ್ಲ. ತೋಟದ ಅಳಿಲು ತನ್ನ ಮೇವನ್ನೂ ನೆರಳನ್ನೂ ತಾನೇ ಹುಡುಕಿಕೊಳ್ಳುತ್ತದೆ. ಬೋನಿನ ಪ್ರಾಣಿಗೆ ಗರಿಕೆ ಬೇಕಾದರೆ ನಾವೇ ಕೀಳಬೇಕು, ಸೆಕೆಯಾದರೆ ನಾವೇ ತಂಪಿಗೆ ಒಯ್ಯಬೇಕು. ಅದರ ಸ್ವಾತಂತ್ರ್ಯವನ್ನು ಕಸಿದುಕೊಂಡವರು ಅದರ ಕಷ್ಟವನ್ನೂ ಹೊರಬೇಕು. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎನ್ನುತ್ತೇವೆ. ಬೋನಿಗೆ ಬೀಗ ಹಾಕಿದ ಮೇಲೆ ಒಳಗಿನ ಭಾರವೆಲ್ಲ ಬೀಗದ ಕೈ ಹಿಡಿದವರದು.

ಇದು ನನ್ನೊಬ್ಬನ ನೀತಿಪಾಠವೆಂದು ತಿಳಿಯಬೇಡಿ. ಸಾಕುವವರು ಪ್ರಾಣಿಯ ಕ್ಷೇಮಕ್ಕೆ ಸಾಧ್ಯವಾದ ಕ್ರಮಗಳನ್ನೆಲ್ಲ ಕೈಗೊಳ್ಳಬೇಕು, ಅನವಶ್ಯಕ ನೋವನ್ನು ತಪ್ಪಿಸಬೇಕು ಎಂದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 3ನೆಯ ಕಲಮು ವಿಧಿಸುತ್ತದೆ. ಅದಕ್ಕೆ ಮೊದಲು ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು ದನಿ ಎತ್ತಿದವರು ರುಕ್ಮಿಣಿದೇವಿ ಅರುಂಡೇಲ್. 1976ರ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 51ಎ ವಿಧಿ ಜೀವಿಗಳಲ್ಲಿ ದಯೆಯನ್ನು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಎಣಿಸಿದೆ. ಎಷ್ಟು ಕಿಲೋದಿಂದ ಮೇಲ್ಪಟ್ಟ ಜೀವಿ ಎಂದು ಅಲ್ಲಿ ಬರೆದಿಲ್ಲ.

ತಾಲ್ಲೂಕು ಪಶು ಆಸ್ಪತ್ರೆಗಳನ್ನು ದೂರುವುದು ನನ್ನ ಉದ್ದೇಶವಲ್ಲ. ರಾಸು, ಕುರಿ, ಮೇಕೆಗಳ ಭಾರವೇ ಅವುಗಳಿಗೆ ಸಾಕಷ್ಟಿದೆ. ಆದರೆ ‘ಈ ಪ್ರಾಣಿಯ ವಿಷಯ ನನಗೆ ಹೆಚ್ಚು ತಿಳಿಯದು, ಬಲ್ಲವರಲ್ಲಿಗೆ ಹೋಗಿ’ ಎಂದು ಹೇಳುವ ವೈದ್ಯರನ್ನು ನಾನು ನಮಸ್ಕರಿಸುತ್ತೇನೆ. ‘ವಯಸ್ಸಾಯಿತು’ ಎಂದು ಕಳುಹಿಸುವವರನ್ನು ಪ್ರಶ್ನಿಸುತ್ತೇನೆ. ತಿಳಿಯದಿದ್ದಾಗ ಊಹೆಯಿಂದ ಮದ್ದು ಕೊಡುವುದು ಇನ್ನೂ ಅಪಾಯ. ನಾಯಿಗೂ ಮಗುವಿಗೂ ಒಗ್ಗುವ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಗಳನ್ನು ಗಿನಿಹಂದಿಯ ಬಾಯಿಗೆ ಹಾಕಿದರೆ ಕರುಳಿನ ಹಿತಕರ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿಯಾದವು ಬೆಳೆದು, ಪ್ರಾಣವೇ ಹೋಗಬಹುದು. ಮನೆಯ ಔಷಧದ ಡಬ್ಬಿಯನ್ನು ದಯವಿಟ್ಟು ಮುಚ್ಚಿಡಿ.

ಮನೆಯಲ್ಲಿ ಇಂಥ ಹಿರಿಯ ಪ್ರಾಣಿಯಿರುವ ಶಿಷ್ಯರು ಮಾಡಬೇಕಾದದ್ದು ಕಷ್ಟವಲ್ಲ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹತ್ತನೆಯ ಒಂದು ಭಾಗ ಇಳಿದಿದ್ದರೆ ಕಾಯಬೇಡಿ. ಒಣಹುಲ್ಲು ಸದಾ ಇರಲಿ. ದಿನವೂ ದೊಣ್ಣೆಮೆಣಸಿನಕಾಯಿಯ ಹೋಳು ಕೊಡಿ. ನಮ್ಮ ಚೈತ್ರ ವೈಶಾಖದ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಬೋನು ಇಡಬೇಡಿ. 30 ಡಿಗ್ರಿ ಸಮೀಪಿಸಿದರೇ ಅದಕ್ಕೆ ಆಪತ್ತು. ಅದನ್ನು ಬಲ್ಲ ವೈದ್ಯರ ಫೋನ್ ಸಂಖ್ಯೆಯನ್ನು ಆರೋಗ್ಯವಾಗಿರುವಾಗಲೇ ಹುಡುಕಿ ಗೋಡೆಗೆ ಅಂಟಿಸಿ. ಆಸ್ಪತ್ರೆಗೆ ಒಯ್ಯುವ ಮುನ್ನ ಉಪವಾಸ ಕೆಡವಬೇಡಿ. ಅದಕ್ಕೆ ವಾಂತಿ ಬರುವುದೇ ಇಲ್ಲ, ಹಸಿವು ಮಾತ್ರ ಹಾನಿ ಮಾಡುತ್ತದೆ.

ಇಷ್ಟು ಮಾಡಲಾಗದಿದ್ದರೆ ಕೊಳ್ಳಬೇಡಿ. ಹುಟ್ಟುಹಬ್ಬದ ಉಡುಗೊರೆಯಾಗಿ ಮಗುವಿನ ಕೈಗೆ ಜೀವವನ್ನು ಕೊಟ್ಟು, ಅದು ಕಾಯಿಲೆ ಬಿದ್ದಾಗ ‘ಅಳಬೇಡ, ಹೊಸದು ತರೋಣ’ ಎನ್ನುವ ತಂದೆತಾಯಿಗಳು ಆ ಮಗುವಿಗೆ ಕಲಿಸುವ ಪಾಠವೇನು? ಹಳತಾದದ್ದು ಕೆಟ್ಟರೆ ಬದಲಾಯಿಸಬೇಕು ಎಂದು. ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಆ ಪಾಠವನ್ನು ಮಗು ಯಾರ ಮೇಲೆ ಪ್ರಯೋಗಿಸುವುದೆಂದು ಯೋಚಿಸಿದ್ದೀರಾ? ಅಂಗಡಿಯಲ್ಲಿ ಗಿನಿಹಂದಿಯ ಬೆಲೆ ಹೆಚ್ಚಿರಲಾರದು. ಅದನ್ನು ಸಾಕುವ ಬೆಲೆ ಏಳು ವರ್ಷ.

ಎಲ್ಲ ಜೀವವನ್ನೂ ಎಳೆದೆಳೆದು ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಕಾರಣ ತಿಳಿದು, ಮದ್ದಿಲ್ಲವೆಂದು ಖಚಿತವಾಗಿ, ನೋವು ಮಾತ್ರ ಉಳಿದಾಗ, ವೈದ್ಯರ ಕೈಯಿಂದ ಶಾಂತವಾದ ಅಂತ್ಯ ಕೊಡಿಸುವುದೂ ದಯೆಯೇ. ಆದರೆ ಅದು ಪರೀಕ್ಷೆಯ ಕಡೆಯ ಪುಟದಲ್ಲಿ ಬರಬೇಕಾದ ಉತ್ತರ. ಪ್ರಶ್ನೆಪತ್ರಿಕೆಯನ್ನೇ ತೆರೆಯದೆ ಉತ್ತರ ಬರೆಯುವವರಿಗೆ ನಾನು ಸೇವೆಯಲ್ಲಿದ್ದಾಗಲೂ ಅಂಕ ಕೊಡಲಿಲ್ಲ.

ಪುರಾಣ ಕೇಳಲು ಬರುತ್ತಿದ್ದ ಗುಬ್ಬಿಗಳಿಂದ ನಮ್ಮ ಊರಿಗೆ ಈ ಹೆಸರು ಬಂತೆಂದು ಹಿರಿಯರು ಹೇಳುವುದುಂಟು. ಒಂದು ಹಿಡಿಯಷ್ಟೂ ಇಲ್ಲದ ಹಕ್ಕಿಯ ಹೆಸರನ್ನು ಹೊತ್ತ ಊರಿನವರು ನಾವು. ಸಣ್ಣ ಜೀವವೆಂದು ಕಡೆಗಣಿಸುವ ಹಕ್ಕು ಬೇರೆ ಯಾವ ಊರಿನವರಿಗೆ ಇದ್ದರೂ ನಮಗಂತೂ ಇಲ್ಲ. ನಿಮ್ಮ ಮನೆಯಲ್ಲಿ ಎರಡು ಕಾಲಿನದೋ ನಾಲ್ಕು ಕಾಲಿನದೋ ಒಂದು ಹಿರಿಯ ಜೀವ ಇದ್ದಕ್ಕಿದ್ದಂತೆ ಊಟ ಬಿಟ್ಟು ಮೂಲೆ ಸೇರಿದ ದಿನ, ಯಾರು ಏನೇ ಅನ್ನಲಿ, ಮೊದಲು ಬಾಯಿ ತೆರೆಸಿ ನೋಡಿ.

ನಿಮ್ಮ ಮೇಷ್ಟ್ರು
ಗುಬ್ಬಿ