ಎಕ್ಸ್‌ಪಿ ಪುಟ ಕಿತ್ತು ಹಾಕಿ ಅಂದ್ರೆ ಇಷ್ಟೊಂದು ಕೋಪ ಯಾಕೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ... ಈ ನಾಲ್ಕೂ ಊರಿನ ಕಂಪ್ಯೂಟರ್ ಕ್ಲಾಸುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಒಂದು ಜೆರಾಕ್ಸ್ ಕೈಪಿಡಿ ಓಡಾಡ್ತಾ ಇದೆ. ನೋಟ್‌ಪ್ಯಾಡಿನಲ್ಲಿ ಕನ್ನಡ ಬರೆಯೋದು ಹೇಗೆ ಅಂತ ಹೇಳಿಕೊಡೋ ಹದಿನಾರು ಪುಟದ ಪುಸ್ತಿಕೆ. 2005ರ ಸುಮಾರಿಗೆ ಯಾರೋ ಪುಣ್ಯಾತ್ಮರು ಮಾಡಿದ್ದು. ಜೆರಾಕ್ಸಿನ ಜೆರಾಕ್ಸ್ ಆಗಿ ಆಗಿ ಈಗ ಚಿತ್ರಗಳೆಲ್ಲ ಕಪ್ಪು ಮಸಿ. ಇದನ್ನ ಹೊಸದಾಗಿ ಬರೆಯೋಣ ಅಂತ ನಾವು ಐದಾರು ಜನ ಸೇರಿದೆವು. ನಾನು ಹೇಳಿದ್ದು ಒಂದೇ ಮಾತು: ಮೊದಲ ಏಳು ಪುಟ ತೆಗೆದುಬಿಡೋಣ. ಆ ಏಳು ಪುಟದಲ್ಲಿ ಇರೋದು ವಿಂಡೋಸ್ 98, ವಿಂಡೋಸ್ 2000, ವಿಂಡೋಸ್ ಎಕ್ಸ್‌ಪಿ.

ಅಬ್ಬಬ್ಬಾ! ಮನೆಯ ಹಿರಿಯರ ಫೋಟೋನ ಗೋಡೆಯಿಂದ ಇಳಿಸಿ ಅಂದಷ್ಟು ಸಿಟ್ಟು ಬಂತು ಎಲ್ಲರಿಗೂ. "ಇನ್ನೂ ಎಕ್ಸ್‌ಪಿ ಇಟ್ಕೊಂಡಿರೋರು ಇದ್ದಾರೆ ಕಣ್ರೀ", "ಇದ್ರೆ ನಿಮಗೇನು ನಷ್ಟ?", "ಅದು ಕನ್ನಡದ ಇತಿಹಾಸ". ಈ ಮೂರು ಮಾತನ್ನೇ ತಿರುಗಿಸಿ ಮುರುಗಿಸಿ ಎರಡು ಗಂಟೆ ಹೇಳಿದರು. ಅಲ್ಲಿ ನನಗೆ ಪೂರ್ತಿ ಮಾತಾಡೋಕೆ ಬಿಡಲಿಲ್ಲ. ಇಲ್ಲಿ ನನ್ನ ಜಾಗ, ನಾನು ಮಾತಾಡ್ತೀನಿ :-)

ಗೆಳೆಯರೇ, ನಿಮ್ಮಲ್ಲಿ ಹಳಬರಿಗೆ ಆ ಎಕ್ಸ್‌ಪಿ ಮಂತ್ರ ಬಾಯಿಪಾಠ ಇರಬೇಕು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್ ತೆಗೆದು, ಲ್ಯಾಂಗ್ವೇಜಸ್ ಅನ್ನೋ ಟ್ಯಾಬಿನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೆ ಬೇಕಾದ ಫೈಲುಗಳನ್ನ ಹಾಕು ಅನ್ನೋ ಚೌಕಕ್ಕೆ ಟಿಕ್ ಹಾಕಬೇಕು. ಆ ಸಾಲಿನ ಕೊನೆಗೆ ಥಾಯ್ ಭಾಷೆಯ ಹೆಸರೂ ಇರ್ತಿತ್ತು. ಕನ್ನಡ ಓದೋಕೆ ಥಾಯ್ ಯಾಕಪ್ಪಾ ಅಂತ ಎಷ್ಟು ಜನ ನನ್ನ ಕೇಳಿದ್ದಾರೋ! ಆಮೇಲೆ ಅದು ಎಕ್ಸ್‌ಪಿ ಸಿಡಿ ಕೇಳ್ತಿತ್ತು. ಸಿಡಿ ಯಾರ ಹತ್ರ ಇರ್ತಿತ್ತು? ಅಂಗಡಿಯವನ ಹತ್ರ. ಅವತ್ತಿಗೆ ಇದೆಲ್ಲ ಬೇಕೇ ಬೇಕಿತ್ತು. ಹಾಕದಿದ್ರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಬೆಪ್ಪಾಗಿ ನಿಂತಿರ್ತಿತ್ತು. 2001ರಲ್ಲಿ ಬಂದ ಎಕ್ಸ್‌ಪಿಯಲ್ಲೇ ವಿಂಡೋಸಿಗೆ ಮೊದಲ ಸಲ ಕನ್ನಡ ಬಂದಿದ್ದು, ತುಂಗಾ ಅನ್ನೋ ಫಾಂಟ್ ಜೊತೆಗೆ. ಅದಕ್ಕೆ ಹಿಂದಿನ ವಿಂಡೋಸ್ 2000ದಲ್ಲಿ ನಮ್ಮ ದೇಶದ ಲಿಪಿಗಳ ಪೈಕಿ ದೇವನಾಗರಿ, ತಮಿಳಿಗೆ ಜಾಗ ಇತ್ತು, ಕನ್ನಡಕ್ಕೆ ಇರಲಿಲ್ಲ. 98ರ ನೋಟ್‌ಪ್ಯಾಡಿಗಂತೂ ಯೂನಿಕೋಡ್ ಅಂದ್ರೇನು ಅಂತಲೇ ಗೊತ್ತಿರಲಿಲ್ಲ.

ಸರಿ. 98ಕ್ಕೆ ಮೈಕ್ರೋಸಾಫ್ಟ್ ಕೈ ತೊಳೆದುಕೊಂಡಿದ್ದು 2006ರ ಜುಲೈ 11. ಎಕ್ಸ್‌ಪಿಗೆ 2014ರ ಏಪ್ರಿಲ್ 8. ಏಳಕ್ಕೆ 2020ರ ಜನವರಿ 14. ಹತ್ತಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗೀತು. ನಾವಿನ್ನೂ ಮೊದಲ ಪುಟದಲ್ಲಿ 98 ಇಟ್ಕೊಂಡು ಕೂತಿದ್ದೀವಿ!

"ಇನ್ನೂ ಎಕ್ಸ್‌ಪಿ ಇಟ್ಕೊಂಡಿರೋರು ಇದ್ದಾರೆ". ಇದ್ದಾರೆ, ನನಗೂ ಗೊತ್ತು. ಚನ್ನರಾಯಪಟ್ಟಣದಲ್ಲಿ ಒಂದು ಅಂಗಡಿ ಇದೆ, ಮದುವೆ ಕಾರ್ಡು, ಕರಪತ್ರ, ತಿಥಿ ಕಾರ್ಡು ಎಲ್ಲ ಅಲ್ಲೇ. ಮೂಲೆಯಲ್ಲಿ ಒಂದು ಹಳದಿ ತಿರುಗಿದ ಡಬ್ಬ, ಅದರಲ್ಲಿ ಎಕ್ಸ್‌ಪಿ, ಪೇಜ್‌ಮೇಕರ್, ನುಡಿ. ಆ ಅಣ್ಣ ಕಣ್ಣು ಮುಚ್ಚಿಕೊಂಡು ಟೈಪ್ ಮಾಡ್ತಾರೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅವರ ಬೆರಳಲ್ಲೇ ಕೂತಿದೆ. ಈಗ ನೀವೇ ಹೇಳಿ, ಆ ಅಣ್ಣನಿಗೆ ನಮ್ಮ ಕೈಪಿಡಿ ಬೇಕಾ? ಇಪ್ಪತ್ತು ವರ್ಷದಿಂದ ಅದೇ ಯಂತ್ರದಲ್ಲಿ ಅನ್ನ ದುಡಿದವರಿಗೆ ಕಂಟ್ರೋಲ್ ಪ್ಯಾನೆಲ್ ಎಲ್ಲಿದೆ ಅಂತ ನಾವು ಹೇಳಿಕೊಡಬೇಕಾ? ಎಕ್ಸ್‌ಪಿ ಇರೋರಿಗೆ ಎಕ್ಸ್‌ಪಿ ಪುಟ ಬೇಡ. ಅದನ್ನ ಓದೋದು ಎಕ್ಸ್‌ಪಿ ಇಲ್ಲದೇ ಇರೋರು ಮಾತ್ರ.

ಅರಕಲಗೂಡು ಕಡೆಯ ಒಬ್ಬ ಹುಡುಗಿ, ಡಿಗ್ರಿ ಓದ್ತಿದ್ದಾಳೆ. ಮನೇಲಿ ಹೊಗೆಸೊಪ್ಪಿನ ದುಡ್ಡು ಬಂದಾಗ ಅವಳಪ್ಪ ಲ್ಯಾಪ್‌ಟಾಪ್ ಕೊಡಿಸಿದ್ದಾರೆ. ಕ್ಲಾಸಿನಲ್ಲಿ ಈ ಕೈಪಿಡಿ ಕೊಟ್ಟರು. ಅವಳು ಶ್ರದ್ಧೆಯಿಂದ ಒಂದನೇ ಪುಟದಿಂದ ಶುರು ಮಾಡಿದಳು. ಆ ಚೌಕ ಹುಡುಕಿದಳು. ಇಲ್ಲ. ಸಿಡಿ ಹಾಕಿ ಅಂತ ಇದೆ. ಅವಳ ಲ್ಯಾಪ್‌ಟಾಪಿಗೆ ಸಿಡಿ ಹಾಕೋ ಬಾಯೇ ಇಲ್ಲ. "ಸಾರ್, ನನ್ನ ಕಂಪ್ಯೂಟ್ರಲ್ಲಿ ಕನ್ನಡ ಬರಲ್ವಂತೆ" ಅಂದಳು. ಎಷ್ಟು ಉರೀತು ಗೊತ್ತಾ ನನಗೆ? ಅವಳ ಯಂತ್ರದಲ್ಲಿ ಕನ್ನಡ ಓದೋಕೆ ಏನೂ ಮಾಡಬೇಕಾಗಿಲ್ಲ. ವಿಸ್ತಾ ಬಂದಾಗಿನಿಂದ, ಅಂದ್ರೆ 2007ರಿಂದ, ಏನೂ ಮಾಡಬೇಕಾಗಿಲ್ಲ! ಬರೆಯೋಕೆ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿಕೊಂಡರೆ ಸಾಕು, ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತೆ. ಇನ್‌ಸ್ಕ್ರಿಪ್ಟ್ ಬರದಿದ್ದರೆ 2019ರಿಂದ ಫೊನೆಟಿಕ್ ಕೀಲಿಮಣೆಯೂ ವಿಂಡೋಸ್ ಜೊತೆಗೇ ಇದೆ. ಅರ್ಧ ಪುಟದ ವಿಷಯ ಇದು. ಅದಕ್ಕೆ ಮುಂಚೆ ಏಳು ಪುಟ ಕಲ್ಲುಮುಳ್ಳು ಹಾಸಿ, ಕೊನೆಗೆ ಕನ್ನಡ ಕಷ್ಟ ಅನ್ನೋ ಭಾವನೆ ಹುಟ್ಟಿಸಿ ಕಳಿಸ್ತಿದ್ದೀವಿ.

ಅವಳ ಫೋನಲ್ಲಿ ಕನ್ನಡ ಸರಾಗವಾಗಿ ಓಡುತ್ತೆ, ಅದು ಬೇರೆ ಮಾತು. ಆಂಡ್ರಾಯ್ಡಿಗೆ 2012ರಲ್ಲೇ, ಜೆಲ್ಲಿ ಬೀನ್ ಆವೃತ್ತಿಯಲ್ಲೇ ಕನ್ನಡ ಬಂತು. ಅದಕ್ಕೆ ಯಾರೂ ಜೆರಾಕ್ಸ್ ಕೈಪಿಡಿ ಬರೆಯಲಿಲ್ಲ, ಜನ ತಾವೇ ಕಲಿತರು. ಈಗಿನ ಮಕ್ಕಳು ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಯಾಕೆ ಇಂಗ್ಲಿಷಿಗೆ ಜಾರ್ತಾರೆ ಅಂತ ಭಾಷಣ ಮಾಡೋರು, ಅವರ ಕೈಗೆ ಏನು ಕೊಟ್ಟಿದ್ದೀವಿ ಅಂತ ಒಮ್ಮೆ ನೋಡಲಿ.

ಇನ್ನು "ಇದ್ರೆ ನಷ್ಟ ಏನು?" ಅನ್ನೋ ಪ್ರಶ್ನೆ. ಎರಡನೇ ಪುಟ ತೆಗೀರಿ. 98, 2000ದಲ್ಲಿ ಕನ್ನಡ ಕಾಣಬೇಕಾದ್ರೆ ಯುಎಸ್‌ಪಿ10 ಅನ್ನೋ ಡಿಎಲ್ಎಲ್ ಫೈಲನ್ನ ಇಂಟರ್ನೆಟ್ಟಿಂದ ಇಳಿಸಿಕೊಂಡು ಹಳೇದರ ಜಾಗಕ್ಕೆ ಹಾಕಿ ಅಂತ ಇದೆ. ಆಗ ನಾವೆಲ್ಲ ಆ ಸರ್ಕಸ್ ಮಾಡಿದವರೇ, ಬೇರೆ ದಾರಿ ಇರಲಿಲ್ಲ. ಇವತ್ತು ಒಬ್ಬ ಹೊಸಬ ಆ ಸಾಲು ಓದಿ ಆ ಹೆಸರು ಹುಡುಕಿ, ಸಿಕ್ಕಿದ ಸೈಟಿಂದ ಡಿಎಲ್ಎಲ್ ಇಳಿಸಿಕೊಂಡು ಸಿಸ್ಟಮ್ ಫೋಲ್ಡರಿಗೆ ಹಾಕೋಕೆ ಹೋದ್ರೆ? ವೈರಸ್ಸಿಗೆ ನಾವೇ ಎಲೆ ಅಡಿಕೆ ಇಟ್ಟು ಕರೆದ ಹಾಗೆ. ಇದಕ್ಕಿಂತ ನಷ್ಟ ಏನು ಬೇಕು?

ಐದನೇ ಪುಟ. ಫೈಲ್ ಸೇವ್ ಮಾಡುವಾಗ ಎನ್‌ಕೋಡಿಂಗ್ ಜಾಗದಲ್ಲಿ ಆನ್ಸಿ ಬಿಡಬೇಡಿ, ಯೂನಿಕೋಡ್ ಆರಿಸಿ ಅಂತ ದಪ್ಪಕ್ಷರದಲ್ಲಿದೆ. ಎಕ್ಸ್‌ಪಿಯಲ್ಲಿ ಅದು ಪ್ರಾಣ ಉಳಿಸೋ ಮಾತು. ಅದನ್ನ ಮರೆತು, ಎಚ್ಚರಿಕೆ ಕೊಟ್ಟರೂ ಓದದೆ ಓಕೆ ಒತ್ತಿದವರ ಕಥೆ, ಕವನ ಎಲ್ಲ ಪ್ರಶ್ನಾರ್ಥಕ ಚಿಹ್ನೆಯ ಸಾಲಾಗಿ ಹೋಗಿದೆ. ಆದ್ರೆ ಆ ಯೂನಿಕೋಡ್ ಅನ್ನೋ ಹೆಸರಿನ ಹಿಂದೆ ಇದ್ದದ್ದು ಯುಟಿಎಫ್-16. ಈಗಿನ ನೋಟ್‌ಪ್ಯಾಡಿನಲ್ಲಿ ಬರೀ ಯೂನಿಕೋಡ್ ಅನ್ನೋ ಆಯ್ಕೆಯೇ ಇಲ್ಲ, ಯುಟಿಎಫ್-16 ಅಂತಲೇ ಹೆಸರು. 2019ರಿಂದ ನೋಟ್‌ಪ್ಯಾಡ್ ತಾನಾಗೇ ಯುಟಿಎಫ್-8ರಲ್ಲಿ ಉಳಿಸುತ್ತೆ, ಏನೂ ಮುಟ್ಟಬೇಕಾಗಿಲ್ಲ. ಕೈಪಿಡಿ ನೋಡಿಕೊಂಡು ಹುಡುಕಿ ಹುಡುಕಿ 16 ಆರಿಸಿದವರ ಫೈಲು ಯುಟಿಎಫ್-8 ಮಾತ್ರ ಒಪ್ಪೋ ಕಡೆ ಕೆಟ್ಟುಹೋಗುತ್ತೆ. ಒಂದು ಕಾಲಕ್ಕೆ ಅಕ್ಷರ ಉಳಿಸಿದ ಸಾಲು ಈಗ ಅಕ್ಷರ ಕೆಡಿಸ್ತಿದೆ.

ಇತಿಹಾಸದ ಮಾತಿಗೆ ಬರ್ತೀನಿ. ವಿಮ್ ಅನ್ನೋ ಎಡಿಟರ್ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ಅದಕ್ಕೆ 2016ರವರೆಗೂ ಎಂಎಸ್-ಡಾಸ್ ಬೆಂಬಲ ಇತ್ತು. ತೆಗೆದುಹಾಕಿದಾಗ ಅದರ ಸಹಾಯ ಕಡತದಲ್ಲಿದ್ದ ಡಾಸ್ ವಿವರವನ್ನೆಲ್ಲ ಗುಡಿಸಿ, ನಾಲ್ಕೈದು ಸಾಲು ಮಾತ್ರ ಬಿಟ್ಟರು. ಇಂಥ ಪ್ಯಾಚಿನಲ್ಲಿ ತೆಗೆದಿದ್ದೀವಿ, ಬೇಕಿದ್ದರೆ ಅದಕ್ಕಿಂತ ಹಳೇ ಆವೃತ್ತಿ ಹುಡುಕಿಕೊಳ್ಳಿ ಅಂತ. ಅಷ್ಟೇ. ಪುಟದ ಹೆಸರೂ ಉಳೀತು, ಹೊಸಬನ ದಾರಿಗೂ ಅಡ್ಡ ಬರಲಿಲ್ಲ. ಈಮ್ಯಾಕ್ಸ್‌ನವರು ಬೇರೆ ಜಾತಿ, ಅವರ ಕೈಪಿಡಿಯಲ್ಲಿ ಡಾಸ್ ಇನ್ನೂ ಇದೆ. ಆದ್ರೆ ಎಲ್ಲಿ? ಕೊನೆಯಲ್ಲಿ, ಅನುಬಂಧದಲ್ಲಿ. ಒಂದನೇ ಪುಟದಲ್ಲಿ ಡಾಸ್ ಇಟ್ಟು ಸ್ವಾಗತ ಮಾಡಲ್ಲ ಅವರೂ. 2005ರ ಪುಸ್ತಿಕೆಯ ಒಂದು ಪ್ರತಿನ ಸ್ಕ್ಯಾನ್ ಮಾಡಿ ಜೋಪಾನವಾಗಿಡಿ, ಯಾರು ಬೇಡ ಅಂದ್ರು? ಇತಿಹಾಸದ ಜಾಗ ಕಪಾಟು.

ಇಷ್ಟು ಹೇಳಿದ ಮೇಲೆ, ನನ್ನ ನಿಜವಾದ ಜಗಳ ಬೇರೆಯೇ ಇದೆ.

ಹೊಳೆನರಸೀಪುರದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಹೇಮಾವತಿ ದಂಡೆಯ ಹಳ್ಳಿಗಳಲ್ಲಿ ಅಜ್ಜಿಯರ ಹತ್ರ ಕೂತು ಸೋಬಾನೆ ಪದ, ಬೀಸೋ ಪದ ಬರಕೊಂಡವರು. 2003ರಲ್ಲಿ ಪಿಂಚಣಿ ದುಡ್ಡು ಖರ್ಚು ಮಾಡಿ ಎಲ್ಲಾನೂ ಡಿಟಿಪಿ ಮಾಡಿಸಿ ಸಿಡಿಗೆ ಹಾಕಿಸಿಟ್ಟರು. ಪುಸ್ತಕ ಆಗಲಿಲ್ಲ. ನೋಟುಬುಕ್ಕುಗಳನ್ನ ಗೆದ್ದಲು ತಿಂತು. ಹಾಡಿದ ಅಜ್ಜಿಯರು ಯಾರೂ ಈಗ ಇಲ್ಲ. ಟೈಪ್ ಮಾಡಿದ ಅಂಗಡಿಯೂ ಇಲ್ಲ. ಮೊಮ್ಮಗ ಸಿಡಿ ತೆರೆದರೆ ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳು, ಒಂದೊಂದರ ತಲೆ ಮೇಲೂ ಟೋಪಿ, ಕೊಂಬು, ಚುಕ್ಕೆ. "ಏನಪ್ಪಾ ಇದು, ನಾನು ಕೊಟ್ಟಿದ್ದು ಕನ್ನಡ. ಇದ್ಯಾವ ದೇಶದ್ದು?" ಅಂದ್ರು ಮೇಷ್ಟ್ರು.

ಅದು ಕನ್ನಡವೇ. ನುಡಿಯ ಹಳೇ ಫಾಂಟುಗಳಲ್ಲಿ 'ಕ' ಅಂದ್ರೆ ಒಂದು ಅಕ್ಷರ ಅಲ್ಲ, ಎರಡು ತುಂಡು. ಇಂಗ್ಲಿಷಿನ 'ಪಿ' ಕೂರೋ ಜಾಗದಲ್ಲಿ 'ಕ'ದ ಮೈ, ಟೋಪಿ ಹಾಕಿದ 'ಎ' ಜಾಗದಲ್ಲಿ ತಲೆಕಟ್ಟು. ಫಾಂಟ್ ಇದ್ರೆ ಕನ್ನಡವಾಗಿ ಕಾಣುತ್ತೆ, ಇಲ್ಲದಿದ್ರೆ ಈ ಜಾತ್ರೆ. ಇದನ್ನ ಯೂನಿಕೋಡಿಗೆ ತರೋ ಪರಿವರ್ತಕಗಳಿವೆ, ಅರವಿಂದ ವಿ.ಕೆ. ಮಾಡಿದ್ದನ್ನ ನಿಮ್ಮಲ್ಲಿ ಎಷ್ಟೋ ಜನ ಬಳಸಿದ್ದೀರಿ. ಮೇಷ್ಟ್ರ ನುಡಿ ಕಡತಗಳು ಹಾಗೇ ಬಂದವು, ಅಲ್ಲಲ್ಲಿ ಕೈಯಿಂದ ತಿದ್ದಬೇಕಾಯ್ತು. ಅರ್ಕಾವತ್ತು ಕಣ್ಣಿಟ್ಟು ನೋಡಬೇಕು. 'ಸೂರ್ಯ'ದ ಅರ್ಕಾವತ್ತು ಹಳೇ ಕಡತದಲ್ಲಿ 'ಯ' ಆದಮೇಲೆ ಬರುತ್ತೆ, ಯೂನಿಕೋಡಿನಲ್ಲಿ ಮೊದಲೇ ಬರಬೇಕು. ಮಧ್ಯೆ ಇಂಗ್ಲಿಷ್ ಪದ ಇದ್ರೆ ಅದೂ ಕನ್ನಡ ಕಸವಾಗಿ ಬರಬಹುದು.

ಪೇಜ್‌ಮೇಕರ್ ಕಡತಗಳು ಇನ್ನೂ ಕಷ್ಟ. ಅಡೋಬಿ ಅದನ್ನ ಕೈಬಿಟ್ಟು ಎಷ್ಟೋ ಕಾಲ ಆಯ್ತು. ಇನ್‌ಡಿಸೈನ್ ಕೂಡ ಸಿಎಸ್6ರವರೆಗೆ ಮಾತ್ರ ಅವನ್ನ ತೆರೀತಿತ್ತು, ಆಮೇಲಿಂದು ತೆರೆಯಲ್ಲ. ಕೊನೆಗೆ ಯಾರ ಕಾಲು ಹಿಡಿದೆ ಗೊತ್ತಾ? ಅದೇ ಚನ್ನರಾಯಪಟ್ಟಣದ ಅಣ್ಣನ್ನ. ಹಳದಿ ಡಬ್ಬದಲ್ಲಿ ತೆರೆದು, ಪಠ್ಯ ಎಲ್ಲ ಹೊರಗೆ ತೆಗೆದು ಪೆನ್ ಡ್ರೈವಿಗೆ ಹಾಕಿಕೊಟ್ಟರು. ಟೀ ಕುಡಿಸಿ ಕಳಿಸಿದರು, ದುಡ್ಡು ಮುಟ್ಟಲಿಲ್ಲ. ಅಂಥ ಯಂತ್ರ ತಾಲೂಕಿಗೆ ಒಂದು ಉಳಿಯಲಿ, ಇಂಟರ್ನೆಟ್ ತಂತಿ ಮಾತ್ರ ಸಿಕ್ಕಿಸಬೇಡಿ.

ಈಗ ಹೇಳಿ. ಮೇಷ್ಟ್ರಂಥವರಿಗೆ ಬೇಕಾದ ಈ ವಿಷಯ ನಮ್ಮ ಕೈಪಿಡಿಯಲ್ಲಿ ಎಷ್ಟಿದೆ? ಒಂದು ಸಾಲೂ ಇಲ್ಲ! ಸತ್ತ ಯಂತ್ರಕ್ಕೆ ಏಳು ಪುಟ, ಆ ಯಂತ್ರದಲ್ಲಿ ಬರೆದಿಟ್ಟ ಪದಗಳಿಗೆ ಸೊನ್ನೆ. ಹಳೇದರ ಮೇಲೆ ಪ್ರೀತಿ ಅಂತ ನನ್ನ ಮೇಲೆ ಹರಿಹಾಯ್ದವರಲ್ಲಿ ಒಬ್ಬರಾದ್ರೂ ಹಳೇ ಕಡತ ತೆರೆಯೋದು ಹೇಗೆ ಅಂತ ಬರೆಯೋಣ ಅಂದ್ರಾ? ಇಲ್ಲ. ಅವರಿಗೆ ಬೇಕಿದ್ದದ್ದು ತಮ್ಮ ಕಾಲದ ಸಾಹಸದ ನೆನಪು. ಅದಕ್ಕೆ ಪಾಪ ಆ ಅರಕಲಗೂಡಿನ ಹುಡುಗಿ ಯಾಕೆ ದಂಡ ಕಟ್ಟಬೇಕು?

ಯಾರ ಒಪ್ಪಿಗೆಗೂ ಕಾಯದೆ ನಾನೇ ಕೂತು ಏಳು ಪುಟ ತೆಗೆದಿದ್ದೀನಿ. ವಿಮ್‌ನವರ ಹಾಗೆ ಎರಡು ಸಾಲು ಬಿಟ್ಟಿದ್ದೀನಿ: 98, 2000, ಎಕ್ಸ್‌ಪಿಯ ವಿವರ ಹಳೇ ಪುಸ್ತಿಕೆಯಲ್ಲಿದೆ, ಬೇಕಾದವರು ಹಾಸನದಲ್ಲಿ ಕೇಳಿ ಪಡೆಯಿರಿ ಅಂತ. ಕೊನೆಗೆ ಎರಡು ಪುಟ ಹೊಸದಾಗಿ ಸೇರಿಸಿದ್ದೀನಿ, ಹಳೇ ಸಿಡಿಯಲ್ಲಿರೋ ಕನ್ನಡ ಓದೋದು ಹೇಗೆ ಅನ್ನೋದಕ್ಕೆ. ಅದರಲ್ಲಿ ನುಡಿ, ಬರಹದ ಫಾಂಟುಗಳ ವಿಷಯ ಬರೆದಾಗಿದೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್‌ಗಳ ಲೆಕ್ಕಾಚಾರ ಬೇರೆ ಬೇರೆ, ಒಂದರ ಪರಿವರ್ತಕ ಇನ್ನೊಂದಕ್ಕೆ ಆಗಿಬರಲ್ಲ. ನಿಮ್ಮ ಹತ್ರ ಇವುಗಳಲ್ಲಿ ಟೈಪಾದ ಕಡತ ಇದ್ರೆ, ಅಥವಾ ಅದನ್ನ ಯೂನಿಕೋಡಿಗೆ ತಂದು ಗೊತ್ತಿದ್ರೆ ಒಂದೆರಡು ಸಾಲು ಬರೆದು ತಿಳಿಸಿ. ಮುಂದಿನ ತಿಂಗಳು ಜೆರಾಕ್ಸಿಗೆ ಕೊಡಬೇಕು. ಮೇಷ್ಟ್ರ ಇನ್ನೊಂದು ಸಿಡಿ ಬಾಕಿ ಇದೆ, ಅದ್ಯಾವ ಫಾಂಟೋ ಇನ್ನೂ ಪತ್ತೆಯಾಗಿಲ್ಲ.